ಸಂಬಳ ಕೊಡದ ಹಡಗನ್ನು ಹಿಡಿಯಬಹುದು, ಮನೆಯನ್ನು?

ನಮಸ್ಕಾರ! ವೀಕ್ಷಕರೊಬ್ಬರ ಪ್ರಶ್ನೆ: ದುಡಿಯಲು ಹೊರದೇಶಕ್ಕೆ ಹೋದವರಿಗೆ ಸಂಬಳ ಕೊಡದೆ ಸತಾಯಿಸಿದರೆ ಕೇಳುವವರು ಯಾರು?

ವಿಶ್ವಸಂಸ್ಥೆ ಇದೆ ಅಲ್ವಾ? ಇದೆ. ವಲಸೆ ಕಾರ್ಮಿಕರ ಹಕ್ಕುಗಳಿಗೆಂದೇ 1990ರಲ್ಲಿ ಒಪ್ಪಂದ ಆಯಿತು, 2003ರಲ್ಲಿ ಜಾರಿಗೆ ಬಂತು. ಒಪ್ಪಿಕೊಂಡವರು ಬಹುಪಾಲು ಕಾರ್ಮಿಕರನ್ನು ಕಳಿಸುವ ದೇಶಗಳು. ಕೆಲಸ ಕೊಡುವ ಅಮೆರಿಕ, ಜರ್ಮನಿ, ಸೌದಿ, ಯುಎಇ ಯಾರೂ ಇಲ್ಲ. ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತಾ?

ಈಗ ಹಡಗಿಗೆ ಬನ್ನಿ. ನನ್ನ ಇಷ್ಟದ ಭಾಗ ಇದು, ಸ್ವಲ್ಪ ಜಾಸ್ತಿನೇ ಮಾತಾಡುತ್ತೇನೆ.

ಮಾಲೀಕ ಒಂದು ದೇಶದವನು, ಬಾವುಟ, ಅಂದರೆ ಹಡಗಿನ ನೋಂದಣಿ, ಇನ್ನೊಂದು ದೇಶದ್ದು, ಕೆಲಸದವರು ಮೂರ್ನಾಲ್ಕು ದೇಶದವರು, ಹಡಗು ನಿಂತಿರುವುದು ಮತ್ತೆಲ್ಲೋ. ಯಾರನ್ನು ಹಿಡಿಯುವುದು? ಕಡಲ ಕಾರ್ಮಿಕರಿಗಾಗಿ 2006ರಲ್ಲಿ ಆದ ಒಪ್ಪಂದ ಹಡಗನ್ನೇ ಹಿಡಿಯುತ್ತದೆ! ಬಂದರಿನ ಅಧಿಕಾರಿ ಹಡಗು ಹತ್ತಿ ಸಂಬಳದ ಲೆಕ್ಕ ತೆಗೆಸಬಹುದು, ಯಾರು ಎಷ್ಟು ಹೊತ್ತು ಮಲಗಿದರು ಎಂದು ದಾಖಲೆ ಕೇಳಬಹುದು, ಅಡುಗೆಮನೆಗೂ ಹೋಗಿ ದಿನಸಿ ಮುಗ್ಗಿದೆಯಾ ಎಂದು ನೋಡಬಹುದು. ಪರಿಸ್ಥಿತಿ ತೀರಾ ಕೆಟ್ಟಿದ್ದರೆ ಹಡಗು ಅಲ್ಲೇ ನಿಲ್ಲಬೇಕು. ನಿಂತ ಪ್ರತಿ ದಿನವೂ ಮಾಲೀಕನಿಗೆ ನಷ್ಟ, ಹಾಗಾಗಿ ಎಲ್ಲಿಂದಲೋ ದುಡ್ಡು ಹುಟ್ಟುತ್ತದೆ.

ಮಜಾ ಏನು ಗೊತ್ತಾ? "ನಮ್ಮ ಬಾವುಟದ ದೇಶ ಒಪ್ಪಂದಕ್ಕೆ ಸೇರೇ ಇಲ್ಲ ಸ್ವಾಮಿ" ಅಂದರೂ ಬಿಡುವುದಿಲ್ಲ. ಸೇರಿದ ದೇಶದ ಬಂದರಿಗೆ ಬಂದರೆ ಅದೇ ತಪಾಸಣೆ. ಹೊರಗುಳಿದು ಲಾಭವಿಲ್ಲ ಅಂದಮೇಲೆ ಸುಮ್ನೆ ಯಾಕೆ ಹೊರಗಿರುವುದು? 100ಕ್ಕೂ ಹೆಚ್ಚು ದೇಶಗಳು ಒಪ್ಪಿವೆ. 2017ರಿಂದ ಇನ್ನೊಂದು ನಿಯಮವೂ ಇದೆ. ಎರಡು ತಿಂಗಳ ಸಂಬಳ ಬರದಿದ್ದರೆ ಮಾಲೀಕ ಕೈಬಿಟ್ಟ ಎಂದೇ ಲೆಕ್ಕ. ಆಗ ನಾಲ್ಕು ತಿಂಗಳವರೆಗಿನ ಬಾಕಿಗೂ ಊರಿಗೆ ಮರಳುವ ಖರ್ಚಿಗೂ ಅವನು ಮೊದಲೇ ಮಾಡಿಟ್ಟ ವಿಮೆಯಂಥ ಭದ್ರತೆ ಇರಬೇಕು.

ಮನೆಗೆಲಸದವರ ಕಥೆ ಬೇರೆ. ಮನೆ ಯಾವ ಬಂದರಿಗೂ ಬರುವುದಿಲ್ಲ, ಬಾಗಿಲ ಹಿಂದೆ ಏನಾಗುತ್ತಿದೆ ಎಂದು ನೋಡಲು ಯಾರೂ ಹತ್ತಿ ಬರುವುದಿಲ್ಲ. ಅಲ್ಲಿ ಕಳಿಸುವ ದೇಶವೇ ಪಟ್ಟು ಹಿಡಿಯಬೇಕು. 2018ರ ಫೆಬ್ರವರಿಯಲ್ಲಿ ಫಿಲಿಪೀನ್ಸ್ ಕುವೈತ್‌ಗೆ ಹೊಸಬರನ್ನು ಕಳಿಸುವುದನ್ನೇ ನಿಲ್ಲಿಸಿತು. ಮೇ ತಿಂಗಳಿಗೆ ಒಪ್ಪಂದ ಕೈಗೆ ಬಂತು: ಮಾಲೀಕರು ಪಾಸ್‌ಪೋರ್ಟ್, ಫೋನ್ ಕಿತ್ತಿಟ್ಟುಕೊಳ್ಳುವಂತಿಲ್ಲ. ಫೋನ್ ಇಟ್ಟುಕೊಳ್ಳಲೂ ಎರಡು ಸರ್ಕಾರ ಕೂತು ಮಾತಾಡಬೇಕಾಯಿತು, ನೋಡಿ!

ಟೈಮ್ ಆಗುತ್ತಿದೆ, ಉಳಿದದ್ದು ಬೇಗ ಬೇಗ. ಕೆಲಸ ಕೊಡಿಸುವ ಶುಲ್ಕವನ್ನು ಕಾರ್ಮಿಕರಿಂದ ವಸೂಲಿ ಮಾಡಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳುತ್ತದೆ. ಏಜೆಂಟರಿಗೆ ಸಾಲ ಮಾಡಿ ಕೊಟ್ಟವರು ಎಷ್ಟೇ ಹಿಂಸೆಯಾದರೂ ಕೆಲಸ ಬಿಡಲಾರರು. ದಕ್ಷಿಣ ಕೊರಿಯಾ 2004ರಿಂದ ಖಾಸಗಿ ಏಜೆಂಟರನ್ನು ಪಕ್ಕಕ್ಕಿಟ್ಟು ನೇರ ಸರ್ಕಾರದಿಂದ ಸರ್ಕಾರಕ್ಕೆ ಮಾತಾಡಿ ಜನರನ್ನು ಕರೆಸಿಕೊಳ್ಳುತ್ತಿದೆ. ಒಳ್ಳೆಯದೇ. ಆದರೆ ಅಲ್ಲೂ ಮಾಲೀಕ ಸರಿಯಿಲ್ಲ ಎಂದು ಇಷ್ಟಬಂದಾಗ ಬೇರೆ ಕಡೆ ಸೇರಲು ಆಗುವುದಿಲ್ಲ, ಅದಕ್ಕೆ ಬಿಗಿ ನಿಯಮಗಳಿವೆ. ಆ ಜಗಳ ಮುಂದಿನ ವಿಡಿಯೋಗೆ.