ಮೇಷ್ಟ್ರು ಯಾರು ಅಂತ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು, ಕಲಿಸಿದವರು, ಅದನ್ನು ಮುನ್ನಡೆಸಿದವರ ಬಗ್ಗೆ ಮಾತಾಡಿ ಅಂತ ಬಾನುಲಿಯವರು ನನ್ನನ್ನು ಕರೆದಿದ್ದಾರೆ. ಮಲ್ಲೇಶ್ವರ, ಯಶವಂತಪುರದ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. ನಾನೂ ಹಾಗೇ ಕರೆಯುತ್ತೇನೆ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಯಾರು ಕೂತಿದ್ದೀರಿ ಅಂತ ಊಹಿಸಬಲ್ಲೆ. ಪಿಯುಸಿ ಮುಗಿಸಿದ ಮಗಳೋ ಮಗನೋ ಇದ್ದಾರೆ. ಪಕ್ಕದಲ್ಲಿ ಅಪ್ಪ, ಅಮ್ಮ. ಸಿಇಟಿ ರ‍್ಯಾಂಕ್ ಬಂದಿದೆ, ಆಪ್ಷನ್ ಎಂಟ್ರಿ ಮಾಡಬೇಕು. ಮನೆಯಲ್ಲಿ ಅದೇ ಮಾತು, ಅಲ್ವಾ? ನಾನು ಎಲೆಕ್ಟ್ರಾನಿಕ್ಸ್ ಪಾಠ ಹೇಳಿಕೊಂಡು ಬಂದವನು. ಪ್ರತಿ ವರ್ಷ ಈ ಕಾಲಕ್ಕೆ ನನಗೆ ಫೋನ್ ಬರುತ್ತದೆ. ‘ಸಾರ್, ಆ ಕಾಲೇಜಲ್ಲಿ ಪ್ಲೇಸ್‌ಮೆಂಟ್ ಹೇಗೆ? ಪ್ಯಾಕೇಜ್ ಎಷ್ಟು?’ ಕಟ್ಟಡದ ಬಗ್ಗೆ ಕೇಳುತ್ತಾರೆ, ಹಾಸ್ಟೆಲ್ ಊಟದ ಬಗ್ಗೆ ಕೇಳುತ್ತಾರೆ. ಪಾಠ ಮಾಡುವವರು ಯಾರು ಅಂತ ಮಾತ್ರ ಕೇಳುವುದಿಲ್ಲ. ಇವತ್ತು ನಾನು ಹೇಳಬೇಕಾದ್ದು ಇದೊಂದೇ. ಮೇಷ್ಟ್ರು ಯಾರು ಅಂತ ಕೇಳಿ.

ಟಾಟಾ ಇನ್‌ಸ್ಟಿಟ್ಯೂಟ್ ಕಟ್ಟಿದವರು ಮೊದಲು ಕೇಳಿದ್ದೇ ಅದನ್ನು. ಜಮ್‌ಸೇಟ್‌ಜಿ ಟಾಟಾ ಅವರು ಸಂಸ್ಥೆ ನೋಡದೆಯೇ 1904ರಲ್ಲಿ ತೀರಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಮುಖ್ಯ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1911ರಲ್ಲಿ. ಆದರೆ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ 1906ರಲ್ಲೇ ಬಂದಾಗಿತ್ತು! ವಿಲಿಯಂ ರಾಮ್ಸೆ ಜೊತೆ ಸೇರಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವರು ಅವರು. ಮೊದಲು ಮೇಷ್ಟ್ರು, ಆಮೇಲೆ ಗೋಡೆ.

1933ರಲ್ಲಿ ಸಿ.ವಿ. ರಾಮನ್ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಹೋಮಿ ಭಾಭಾ ಮುಂದೆ ಅಲ್ಲಿ ಕಲಿಸಲು ಬಂದರು. ವಿಕ್ರಮ್ ಸಾರಾಭಾಯಿ ಅಲ್ಲೇ ರಾಮನ್ ಕೈಕೆಳಗೆ ಸಂಶೋಧನೆ ಮಾಡಿದರು. ಈ ಹೆಸರುಗಳೆಲ್ಲ ಶಾಲೆಯ ಪುಸ್ತಕದಲ್ಲೇ ಇವೆ. ನಾನು ಹೇಳಬೇಕು ಅಂತ ಬಂದಿರುವ ಹೆಸರು ಬೇರೆ. ಅದನ್ನು ನಮ್ಮ ಇಂಜಿನಿಯರಿಂಗ್ ಹುಡುಗರಿಗೇ ಹೇಳಿದರೂ ಯಾರು ಅಂತ ಮುಖ ನೋಡುತ್ತಾರೆ. ಅದು ನನಗೆ ಸಹಿಸುವುದಿಲ್ಲ.

ರಾಜೇಶ್ವರಿ ಚಟರ್ಜಿ. ಹೆಸರು ಕೇಳಿ ಬಂಗಾಳದವರು ಅಂದುಕೊಳ್ಳಬೇಡಿ. ಅಪ್ಪಟ ನಮ್ಮವರು. ತಂದೆ ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊಟ್ಟಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಹುಟ್ಟಿದ್ದು 1922ರಲ್ಲಿ. ಓದಿದ್ದು ಅಜ್ಜಿಯೇ ಶುರುಮಾಡಿದ ಶಾಲೆಯಲ್ಲಿ. ಹುಡುಗಿಗೆ ಚರಿತ್ರೆಯ ಮೇಲೂ ಆಸೆ ಇತ್ತು. ಕೊನೆಗೆ ಆರಿಸಿಕೊಂಡದ್ದು ಲೆಕ್ಕ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗಕ್ಕೆ ಸಂಶೋಧನೆಗೆ ಸೇರಿದರು.

1946ರಲ್ಲಿ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿತು. 1947ರ ಜುಲೈ. ಸ್ವಾತಂತ್ರ್ಯಕ್ಕೆ ಇನ್ನೂ ಒಂದು ತಿಂಗಳಿದೆ. 25 ವರ್ಷದ ಹೆಣ್ಣುಮಗಳು ಹಡಗು ಹತ್ತಿ, ಸುಮಾರು ಒಂದು ತಿಂಗಳು ಸಮುದ್ರದ ಮೇಲಿದ್ದು, ಅಮೆರಿಕಕ್ಕೆ ಹೋದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಮಾಡಿದರು. ಆಮೇಲೆ ವಾಷಿಂಗ್‌ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ 8 ತಿಂಗಳು ರೇಡಿಯೋ ಅಲೆಗಳನ್ನು ಅಳೆಯುವ ತರಬೇತಿ. ಮತ್ತೆ ಮಿಷಿಗನ್‌ಗೆ ಹೋಗಿ ಪಿಎಚ್‌ಡಿ. 1953ರಲ್ಲಿ ಬೆಂಗಳೂರಿಗೆ ವಾಪಸ್ ಬಂದು ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕರಾದರು. ಅಲ್ಲಿ ಪಾಠ ಮಾಡಿದ ಮೊದಲ ಮಹಿಳಾ ಇಂಜಿನಿಯರ್ ಅವರೇ. ಅದೇ ವಿಭಾಗದ ಅಧ್ಯಾಪಕ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು.

ಈಗ ಅವರ ಕೆಲಸಕ್ಕೆ ಬರೋಣ. ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳಿ, ಕಷ್ಟವೇನಿಲ್ಲ. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ನಿಮಗೆ ಸಿಗುವುದು 612 ಕಿಲೋಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ ಹತ್ತಿರ ಹತ್ತಿರ 490 ಮೀಟರ್. ಅರ್ಧ ಕಿಲೋಮೀಟರ್ ಉದ್ದದ ಅಲೆ! ಅದೇ ರಾಡಾರಿನ ಅಲೆ ಬರೀ ಕೆಲವು ಸೆಂಟಿಮೀಟರ್. ಅದನ್ನೇ ಮೈಕ್ರೋವೇವ್ ಅನ್ನುತ್ತೇವೆ. ಸಾಮಾನ್ಯ ತಂತಿಯಲ್ಲಿ ಅದನ್ನು ಸಾಗಿಸಲು ಹೋದರೆ ದಾರಿಯಲ್ಲೇ ಸೋರಿಹೋಗುತ್ತದೆ. ಹಾಗಾಗಿ ನಲ್ಲಿ ನೀರನ್ನು ಪೈಪಿನಲ್ಲಿ ತರುವ ಹಾಗೆ, ಈ ಅಲೆಯನ್ನು ಟೊಳ್ಳಾದ ಲೋಹದ ಕೊಳವೆಯೊಳಗೆ ಹಾಯಿಸಬೇಕು. ಅದರ ಹೆಸರು ವೇವ್‌ಗೈಡ್. 3 ಸೆಂಟಿಮೀಟರ್ ಅಲೆಗೆ ಬಳಸುವ ಕೊಳವೆಯ ಒಳಗಿನ ಅಗಲ ಸುಮಾರು 23 ಮಿಲಿಮೀಟರ್, ಎತ್ತರ ಸುಮಾರು 10 ಮಿಲಿಮೀಟರ್. ಈ ಅಳತೆ ಸ್ವಲ್ಪ ಕೆಟ್ಟರೂ ಅಲೆಯ ಒಂದು ಪಾಲು ಹೋದ ದಾರಿಯಲ್ಲೇ ವಾಪಸ್ ಬರುತ್ತದೆ.

ಇದು 1953ರ ಮಾತು, ನೆನಪಿರಲಿ. ಎಲೆಕ್ಟ್ರಾನಿಕ್ಸ್ ಸಾಮಾನು ಮಾಡುವ ಸರ್ಕಾರಿ ಕಾರ್ಖಾನೆ, ಜಾಲಹಳ್ಳಿಯ ಬಿಇಎಲ್, ಶುರುವಾಗಿದ್ದೇ 1954ರಲ್ಲಿ. ಇಂಥ ಸಾಮಾನು ಅಂಗಡಿಯಲ್ಲಿ ಸಿಗುವ ಕಾಲ ಅದಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಮೈಕ್ರೋವೇವ್ ಲ್ಯಾಬ್ ಕಟ್ಟಿದರು. ಸಂಶೋಧನೆಗಾಗಿ ನಮ್ಮ ದೇಶದಲ್ಲಿ ಎದ್ದ ಮೊದಮೊದಲ ಮೈಕ್ರೋವೇವ್ ಲ್ಯಾಬ್‌ಗಳಲ್ಲಿ ಅದೊಂದು. ಅಲ್ಲಿ ಪಾಠ ಶುರುವಾಯಿತು. ಆಂಟೆನಾಗಳ ಮೇಲೆ, ಅದರಲ್ಲೂ ವಿಮಾನ, ಅಂತರಿಕ್ಷ ನೌಕೆಗಳಿಗೆ ಬೇಕಾದ ಆಂಟೆನಾಗಳ ಮೇಲೆ ಕೆಲಸ ನಡೆಯಿತು. ರಾಜೇಶ್ವರಿಯವರು ವಿಭಾಗದ ಮುಖ್ಯಸ್ಥರೂ ಆದರು. ಅವರ ಮಾರ್ಗದರ್ಶನದಲ್ಲಿ 20 ಮಂದಿ ಪಿಎಚ್‌ಡಿ ಪಡೆದರು. ನೂರಕ್ಕೂ ಹೆಚ್ಚು ಪ್ರಬಂಧ, 7 ಪುಸ್ತಕ. 1982ರಲ್ಲಿ ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ, ಹೆಣ್ಣುಮಕ್ಕಳ ಓದು, ಬದುಕಿನ ಅಧ್ಯಯನದಲ್ಲಿ ತೊಡಗಿಕೊಂಡರು. 2010ರಲ್ಲಿ ತೀರಿಕೊಂಡರು.

ಆ 20 ಮಂದಿ ಇದ್ದಾರಲ್ಲ, ಅವರ ಬಗ್ಗೆ ಯೋಚಿಸಿ. ಅವರು ಇನ್ನೊಂದಿಷ್ಟು ಜನಕ್ಕೆ ಕಲಿಸಿದರು. ಆ ಜನ ಮತ್ತಷ್ಟು ಜನಕ್ಕೆ. ರಾಡಾರು, ಉಪಗ್ರಹ, ಮೊಬೈಲ್ ಟವರ್, ಎಲ್ಲ ಕಡೆ ಇರುವುದು ಇದೇ ವಿದ್ಯೆ. ಇದನ್ನು ಯಾವ ಪ್ಯಾಕೇಜ್ ಪಟ್ಟಿ ತೋರಿಸುತ್ತದೆ, ಹೇಳಿ? ಅದಕ್ಕೇ ಹೇಳುವುದು, ಮೇಷ್ಟ್ರು ಯಾರು ಅಂತ ಕೇಳಿ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಈ ಹೆಸರನ್ನು ಈಗಲೇ ಅವರಿಗೆ ಬರೆದುಕೊಡಿ. ರಾಜೇಶ್ವರಿ ಚಟರ್ಜಿ.

ಸಮಯ ಜಾಸ್ತಿ ಉಳಿದಿಲ್ಲ. ಲೋಹಶಾಸ್ತ್ರದ ಬ್ರಹ್ಮ ಪ್ರಕಾಶ್ ಅವರ ಬಗ್ಗೆಯೂ ಹೇಳಬೇಕಿತ್ತು. 1951ರಲ್ಲಿ ಆ ವಿಭಾಗದ ಮುಖ್ಯಸ್ಥರಾದ ಮೊದಲ ಭಾರತೀಯ ಅವರು. ಮುಂದೆ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಮೊದಲ ನಿರ್ದೇಶಕರಾದರು. ಜಿ.ಎನ್. ರಾಮಚಂದ್ರನ್ ಎಲೆಕ್ಟ್ರಿಕಲ್ ಓದಲು ಬಂದವರು ರಾಮನ್ ಹತ್ತಿರ ಭೌತಶಾಸ್ತ್ರಕ್ಕೆ ಬದಲಾಯಿಸಿಕೊಂಡರು. ನಮ್ಮ ಚರ್ಮ, ಮೂಳೆಯಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ತಿಳಿಸಿಕೊಟ್ಟವರು ಅವರೇ. ಬ್ರಾಂಚ್ ಬ್ರಾಂಚ್ ಅಂತ ನಿದ್ದೆಗೆಡುವವರು ಇದನ್ನು ಗಮನಿಸಿ.

ಇನ್ನೊಂದೇ ಮಾತು, ಸತೀಶ್ ಧವನ್ ಅವರದು. 1951ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್‌ಡಿ ಮುಗಿಸಿ ಬಂದರು. ವಿಮಾನದಂಥ ವಸ್ತುಗಳ ಸುತ್ತ ಗಾಳಿ ಹೇಗೆ ಹರಿಯುತ್ತದೆ ಅಂತ ನೋಡಲು, ಶಬ್ದಕ್ಕಿಂತ ವೇಗವಾಗಿ ಗಾಳಿ ಹರಿಸುವ ಸುರಂಗವನ್ನು ಇಲ್ಲೇ ಕಟ್ಟಿದರು. ಅದರೊಳಗೆ ಪ್ರಯೋಗ ನಡೆಯುವ ಜಾಗ ಬರೀ 1 ಇಂಚಿಗೆ 3 ಇಂಚು! 1962ರಿಂದ 1981ರವರೆಗೆ ನಿರ್ದೇಶಕರಾಗಿದ್ದರು. 1972ರಲ್ಲಿ ಇಸ್ರೋ ಜವಾಬ್ದಾರಿ ಕೊಟ್ಟಾಗ ಅವರು ಹಾಕಿದ ಷರತ್ತು ಎರಡು. ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಟಾಟಾ ಇನ್‌ಸ್ಟಿಟ್ಯೂಟನ್ನು ನಾನು ಬಿಡುವುದಿಲ್ಲ.

ಅವರ ಶಿಷ್ಯ ರೊದ್ದಂ ನರಸಿಂಹ, ಬೆಂಗಳೂರಿನ ಹುಡುಗ. ತಂದೆ ಆರ್.ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ ಇಂಜಿನಿಯರಿಂಗ್ ಓದುವಾಗ ಇನ್‌ಸ್ಟಿಟ್ಯೂಟಿಗೆ ಹೋಗಿ ಅಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಎಂಬ ಯುದ್ಧವಿಮಾನ ನೋಡಿದ. ಮನಸ್ಸು ಅಲ್ಲೇ ನಿಂತಿತು. ಧವನ್ ಹತ್ತಿರ ಸೇರಿದ. 1958ರಲ್ಲಿ ಗುರು ಶಿಷ್ಯರು ಸೇರಿ ಬರೆದ ಪ್ರಬಂಧವನ್ನು ಗಾಳಿಯ ಹರಿವಿನ ಮೇಲೆ ಕೆಲಸ ಮಾಡುವವರು ಇವತ್ತಿಗೂ ಓದುತ್ತಾರೆ. ಆಮೇಲೆ ಶಿಷ್ಯ ಪಿಎಚ್‌ಡಿಗೆ ಹೋದದ್ದು ಎಲ್ಲಿಗೆ? ಕ್ಯಾಲ್‌ಟೆಕ್‌ಗೆ. ಯಾರ ಹತ್ತಿರ? ಧವನ್‌ಗೆ ಗುರುವಾಗಿದ್ದ ಅದೇ ಹಾನ್ಸ್ ಲೀಪ್‌ಮನ್ ಹತ್ತಿರ!

ಇನ್‌ಸ್ಟಿಟ್ಯೂಟಿನಲ್ಲಿ ವರ್ಷಕ್ಕೊಮ್ಮೆ ಓಪನ್ ಡೇ ಇರುತ್ತದೆ. ಯಾರು ಬೇಕಾದರೂ ಹೋಗಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ಪ್ರತಿ ಲ್ಯಾಬಿನ ಮುಂದೆ ವಿದ್ಯಾರ್ಥಿಗಳು ಪ್ರಯೋಗ ತೋರಿಸುತ್ತಾ ನಿಂತಿರುತ್ತಾರೆ. ಪ್ರಯೋಗ ನೋಡಿದ ಮೇಲೆ ಅವರನ್ನೇ ಕೇಳಿ, ‘ನಿಮಗೆ ಇದನ್ನು ಕಲಿಸಿದವರು ಯಾರಪ್ಪಾ?’ ಅಂತ.

ನಮಸ್ಕಾರ.