ಅಜ್ಜಿಯ ಜಾಪಾಳ, ಮಲಗಿರುವ ವೈರಸ್

ಕೇಳುಗರಿಗೆ ನಮಸ್ಕಾರ.

ಹಾವೇರಿ ಕಡೆಯ ನಮ್ಮ ಹಳ್ಳಿಮನೆಯಲ್ಲಿ, ಅಡುಗೆಮನೆಯ ಮಾಡದೊಳಗೆ, ಅಜ್ಜಿ ಒಂದು ಸಣ್ಣ ಬಟ್ಟೆಗಂಟು ಇಟ್ಟಿರುತ್ತಿದ್ದಳು. ಅದರಲ್ಲಿ ಜಾಪಾಳದ ಬೀಜ. ಹುಡುಗರು ಅತ್ತ ಕೈ ಚಾಚಿದರೆ ಸಾಕು, ಬೈಗುಳ ಶುರು. ಜಾಪಾಳ ಅಂದರೆ ಉಗ್ರ ಭೇದಿ ಮದ್ದು. ಪಂಡಿತರು ಅದನ್ನು ಹಾಲಿನಲ್ಲಿ ಬೇಯಿಸಿ, ನಡುವಿನ ನಾಲಿಗೆ ತೆಗೆದು, ಶುದ್ಧಿ ಮಾಡದೆ ಕೊಡುತ್ತಿರಲಿಲ್ಲ. ಅದರ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ದಯವಿಟ್ಟು ಯಾರೂ ಮನೆಯಲ್ಲಿ ಅದನ್ನು ಮುಟ್ಟಲು ಹೋಗಬೇಡಿ.

ಇದೇ ಎಣ್ಣೆಯಿಂದ ಕ್ಯಾನ್ಸರ್ ಬಗ್ಗೆ ಒಂದು ದೊಡ್ಡ ಸಂಗತಿ ತಿಳಿಯಿತು ಎಂದು ನಾನು ಓದಿದ್ದು ಧಾರವಾಡಕ್ಕೆ ಕಾಲೇಜಿಗೆ ಬಂದ ಮೇಲೆ. ಆ ದಿನ ಅಜ್ಜಿಯ ಗಂಟು ಕಣ್ಣ ಮುಂದೆ ಬಂದು ನಿಂತಿತು.

1941ರ ಮಾತು. ಬೆರೆನ್‌ಬ್ಲಮ್ ಎಂಬ ವಿಜ್ಞಾನಿ ಇಲಿಗಳ ಚರ್ಮದ ಮೇಲೆ ಪ್ರಯೋಗ ಮಾಡುತ್ತಿದ್ದರು. ಡಾಂಬರಿನಲ್ಲಿ ಸಿಗುವ ಬೆಂಜೋಪೈರೀನ್ ಎಂಬ ರಾಸಾಯನಿಕದ ಜೊತೆ ಜಾಪಾಳವನ್ನೂ ಹಚ್ಚಿದರೆ ಗಡ್ಡೆಗಳು ಬಹಳ ಜಾಸ್ತಿ ಏಳುತ್ತಿದ್ದವು. ಮುಂದೆ ಬೇರೆಯವರೂ ಮಾಡಿ ನೋಡಿದರು. ಮೊದಲು ಡಾಂಬರಿನ ರಾಸಾಯನಿಕ ಒಂದೇ ಸಲ, ಸ್ವಲ್ಪವೇ. ಆಮೇಲೆ ಮತ್ತೆ ಮತ್ತೆ ಜಾಪಾಳದ ಎಣ್ಣೆ. ನಡುವೆ ತಿಂಗಳುಗಟ್ಟಲೆ ಬಿಟ್ಟು ಎಣ್ಣೆ ಹಚ್ಚಿದರೂ ಗಡ್ಡೆ ಎದ್ದವು. ಸರದಿ ತಿರುಗಿಸಿದರೆ ಏಳಲಿಲ್ಲ.

ಮೊದಲನೆಯದು ಜೀವಕೋಶದ ಜೀನಿನಲ್ಲಿ ಗಾಯ ಮಾಡಿ ಹೋಗುತ್ತದೆ. ಆ ಗಾಯ ಸುಮ್ನೆ ಕೂತಿರುತ್ತದೆ. ಎರಡನೆಯದು ಜೀನಿನ ಗಾಯಕ್ಕೆ ಕೈ ಹಾಕುವುದಿಲ್ಲ. ಗಾಯವಾದ ಕೋಶವನ್ನು ಬೆಳೆ, ಬೆಳೆ ಎಂದು ದೂಡುತ್ತದೆ. ಅದಕ್ಕೆ ಟ್ಯೂಮರ್ ಪ್ರಮೋಟರ್ ಎಂದು ಹೆಸರಾಯಿತು. 1960ರ ದಶಕದಲ್ಲಿ ಜಾಪಾಳದ ಎಣ್ಣೆಯೊಳಗಿನ ಅಸಲಿ ವಸ್ತುವನ್ನು ಬೇರೆ ಮಾಡಿ ತೆಗೆದರು. ಅದನ್ನು ಟಿಪಿಎ ಎನ್ನುತ್ತಾರೆ.

ಈಗ ವೈರಸ್‌ಗೆ ಬರೋಣ. ಉಗಾಂಡಾದಲ್ಲಿ ಮಕ್ಕಳ ದವಡೆಯಲ್ಲಿ ಬೆಳೆಯುವ ಒಂದು ಗಡ್ಡೆಯನ್ನು ಬರ್ಕಿಟ್ ಎಂಬ ಸರ್ಜನ್ ವಿವರಿಸಿದ್ದರು. ಅದರ ತುಣುಕುಗಳು ವಿಮಾನದಲ್ಲಿ ಲಂಡನ್ನಿಗೆ ಹೋಗುತ್ತಿದ್ದವು. ಒಂದು ಸಲ ಮಂಜು ಕವಿದು ವಿಮಾನ ಬೇರೆ ಊರಿನಲ್ಲಿ ಇಳಿಯಿತು. ಸೀಸೆ ತಡವಾಗಿ ಕೈಸೇರಿದಾಗ ಒಳಗಿನ ನೀರು ಮಬ್ಬಾಗಿತ್ತು. ಕೆಟ್ಟಿದೆ ಎಂದು ಚೆಲ್ಲಿಬಿಡಬಹುದಿತ್ತು, ಅಲ್ವಾ? ಅದನ್ನು ಪಡೆದ ವಿಜ್ಞಾನಿ ಎಪ್‌ಸ್ಟೀನ್ ಚೆಲ್ಲಲಿಲ್ಲ. ನೋಡಿದರೆ ಅದರಲ್ಲಿ ತೇಲುತ್ತಿದ್ದದ್ದು ಜೀವಂತ ಕ್ಯಾನ್ಸರ್ ಕೋಶಗಳು. ಹಾಗೆ ಬೆಳೆಸಿದ ಕೋಶಗಳಲ್ಲೇ 1964ರಲ್ಲಿ ಎಪ್‌ಸ್ಟೀನ್, ಅಚಾಂಗ್ ಮತ್ತು ಬಾರ್ ಹೊಸ ವೈರಸ್ ಕಂಡರು. ಅದೇ ಎಪ್‌ಸ್ಟೀನ್-ಬಾರ್ ವೈರಸ್.

ಹೆಸರು ಪರದೇಶದ್ದು, ವಾಸ ನಮ್ಮೆಲ್ಲರ ಮೈಯಲ್ಲೇ. ಜಗತ್ತಿನ ದೊಡ್ಡವರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜನರಲ್ಲಿ ಇದು ಇದೆ. ಎಂಜಲಿನಿಂದ, ಹೆಚ್ಚಾಗಿ ಚಿಕ್ಕವರಿದ್ದಾಗಲೇ ಬರುತ್ತದೆ. ಬಂದ ಮೇಲೆ ರಕ್ತದ ಬಿ ಕೋಶಗಳಲ್ಲಿ, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳಲ್ಲಿ, ಮಲಗುತ್ತದೆ. ಸುಮಾರು 1,72,000 ಅಕ್ಷರಗಳಷ್ಟು ಉದ್ದದ ಅದರ ಡಿಎನ್ಎ ಬಳೆಯಂತೆ ಸುತ್ತಿಕೊಂಡು ಕೋಶದ ನಡುಮನೆಯಲ್ಲಿ ಇರುತ್ತದೆ. ಅದರ ಜೀನುಗಳು 80ಕ್ಕೂ ಹೆಚ್ಚು. ಮಲಗಿದ್ದಾಗ ಮಾತಾಡುವುದು ಬೆರಳೆಣಿಕೆಯವು ಮಾತ್ರ. ಬೇಸಿಗೆಯಲ್ಲಿ ನಮ್ಮ ಎರೆಹೊಲ ನೋಡಿ. ಬರೀ ಬಿರುಕು. ಒಳಗೆ ಮಾತ್ರ ಕಾಂಗ್ರೆಸ್ ಕಸದ ಬೀಜ ಕಾಯುತ್ತಿರುತ್ತದೆ. ರೋಹಿಣಿ ಮಳೆ ಬಿದ್ದ ವಾರಕ್ಕೆ ಹೊಲವೆಲ್ಲ ಹಸಿರು.

ಆ ಮಳೆಯ ಕೆಲಸವನ್ನು ಟಿಪಿಎ ಮಾಡುತ್ತದೆ ಎಂದು 1978ರಲ್ಲಿ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಮತ್ತು ಜೊತೆಗಾರರು ತೋರಿಸಿದರು. ವೈರಸ್ ಮಲಗಿದ್ದ ಮನುಷ್ಯರ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅತಿ ಸ್ವಲ್ಪ ಟಿಪಿಎ ಹಾಕಿದರು. ವೈರಸ್‌ನ ಪ್ರೋಟೀನುಗಳು ಒಂದೊಂದಾಗಿ ಕಾಣಿಸಿಕೊಂಡವು.

ಇದು ಆಗುವ ಬಗೆ ನನಗೆ ಬಹಳ ಇಷ್ಟವಾದದ್ದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಕೋಶದೊಳಗೆ ಪ್ರೋಟೀನ್ ಕೈನೇಸ್ ಸಿ ಎಂಬ ಸ್ವಿಚ್ ಇದೆ. ಬೆಳೆಯಬೇಕು ಎಂಬ ಸುದ್ದಿ ಬಂದಾಗ ಕೋಶ ಒಂದು ಸಣ್ಣ ಕೊಬ್ಬಿನ ಅಣುವನ್ನು ತಯಾರಿಸಿ ಆ ಸ್ವಿಚ್ ಒತ್ತುತ್ತದೆ. ಕೆಲಸ ಮುಗಿದ ಕೂಡಲೇ ಅಣುವನ್ನು ಒಡೆದು ಹಾಕುತ್ತದೆ. ಸ್ವಿಚ್ ಆರುತ್ತದೆ. ಟಿಪಿಎ ನೋಡಲು ಆ ಅಣುವಿನ ಹಾಗೇ ಇದೆ, ಆದರೆ ಬೇಗ ಒಡೆಯುವುದಿಲ್ಲ. ಸ್ವಿಚ್ ಒತ್ತಿದಂತೆಯೇ ಉಳಿಯುತ್ತದೆ. 1982ರಲ್ಲಿ ಜಪಾನಿನ ನಿಶಿಜುಕಾ ಅವರ ತಂಡ ಇದನ್ನು ಕಂಡುಹಿಡಿಯಿತು.

ಸ್ವಿಚ್ ಹೊತ್ತಿದರೆ ಎಪಿ-1 ಎಂಬ ಪ್ರೋಟೀನ್ ಜೋಡಿ ಎದ್ದು ಡಿಎನ್ಎ ಕಡೆ ನಡೆಯುತ್ತದೆ. ಅದು ಕೋಶದ ಜೀನುಗಳನ್ನು ತೆರೆಯಲು ಇರುವ ಬೀಗದ ಕೈ. ಆದರೆ ವೈರಸ್ ಕೂಡ ಒಂದು ಜೀನಿನ ಬಾಗಿಲಿಗೆ ಅದೇ ಕೈ ಹೊಂದುವ ಬೀಗ ಹಾಕಿಕೊಂಡಿದೆ. ಆ ಜೀನ್ ಬಿಝಡ್ಎಲ್ಎಫ್-1. ಅದು ತೆರೆದರೆ ಝೀಬ್ರಾ ಎಂಬ ಪ್ರೋಟೀನ್ ಹುಟ್ಟಿ ವೈರಸ್‌ನ ಉಳಿದ ಜೀನುಗಳನ್ನು ಎಬ್ಬಿಸುತ್ತದೆ. ಡಿಎನ್ಎ ನಕಲಾಗುತ್ತದೆ, ಹೊಸ ವೈರಸ್‌ಗಳು ತುಂಬುತ್ತವೆ, ಕೊನೆಗೆ ಕೋಶ ಸಾಯುತ್ತದೆ.

ಸತ್ತ ಕೋಶ ಕ್ಯಾನ್ಸರ್ ಹೇಗೆ ಆದೀತು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆ ಕೋಶ ಆಗುವುದಿಲ್ಲ. ಅದರಿಂದ ಹೊರಬಿದ್ದ ವೈರಸ್‌ಗಳು ಹೊಸ ಕೋಶಗಳಿಗೆ ಹೋಗುತ್ತವೆ. ಅದು ಬಿಡುವ ಪದಾರ್ಥಗಳು ಅಕ್ಕಪಕ್ಕದ ಕೋಶಗಳನ್ನೂ ಬೆಳೆಯಲು ಕೆಣಕುತ್ತವೆ. ಅಪಾಯ ಇರುವುದು ಅಲ್ಲಿ.

ಕೆಲವು ವರ್ಷಗಳ ಹಿಂದೆ ಗದಗಿನಲ್ಲಿ ಈ ವಿಷಯ ಮಾತಾಡಿದ್ದೆ. ಮುಗಿದ ಮೇಲೆ ಒಬ್ಬ ತಾಯಿ ಪಕ್ಕಕ್ಕೆ ಕರೆದು, ರಿಪೋರ್ಟಿನಲ್ಲಿ ಪ್ಯಾಪಿಲೋಮಾ ವೈರಸ್ ಇದೆ ಅಂತ ಬಂದಿದೆ, ಅಂದ್ರೆ ಕ್ಯಾನ್ಸರ್ ಬಂತೇನ್ರಿ ಎಂದು ಕೇಳಿದರು. ಕಣ್ಣಲ್ಲಿ ನೀರಿತ್ತು. ಇಲ್ಲವ್ವಾ ಎಂದೆ. ವೈರಸ್ ಇರುವುದು ಬೇರೆ, ಕ್ಯಾನ್ಸರ್ ಬೇರೆ. ಹೆಚ್ಚಿನವರಲ್ಲಿ ಅದು ತಾನಾಗಿ ಹೋಗುತ್ತದೆ. ಉಳಿದರೂ ಡಾಕ್ಟರು ಆಗಾಗ ನೋಡುತ್ತಿದ್ದರೆ ಮೊದಲೇ ತಡೆಯಬಹುದು. ಈ ವೈರಸ್‌ಗೂ ಗರ್ಭಕೊರಳಿನ ಕ್ಯಾನ್ಸರಿಗೂ ಇರುವ ನಂಟು ತೋರಿಸಿದ್ದು ಅದೇ ಜುರ್ ಹೌಸೆನ್. 2008ರಲ್ಲಿ ನೊಬೆಲ್ ಸಿಕ್ಕಿದ್ದು ಅದಕ್ಕೇ. ಈ ವೈರಸ್‌ನ ಬಾಗಿಲಿಗೂ ಎಪಿ-1 ಹೊಂದುವ ಬೀಗವಿದೆ. ಬೀಡಿ, ಸಿಗರೇಟಿನ ಹೊಗೆಯ ರಾಸಾಯನಿಕಗಳು ಗರ್ಭಕೊರಳಿನ ಲೋಳೆಯಲ್ಲೂ ಸಿಕ್ಕಿವೆ. ವೈರಸ್ ಇರುವ ಹೆಂಗಸರು ಸೇದಿದರೆ ಅಪಾಯ ಏರುತ್ತದೆ. ಆ ತಾಯಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಎಂದು ಹೇಳಿ ಕಳಿಸಿದೆ.

ಅಂದೇ ಒಬ್ಬ ರೈತರು ಇನ್ನೊಂದು ಕೇಳಿದರು. ಜಾಪಾಳದ ಬಳಗದ ಗಿಡಗಳಲ್ಲೂ ಈ ಗುಣ ಇದೆಯಾ? ಇದೆ. ಜಪಾನಿನ ಯೋಹೆಇ ಇಟೊ ಇಂಥ ಗಿಡಗಳನ್ನು ಎಪ್‌ಸ್ಟೀನ್-ಬಾರ್ ವೈರಸ್ ಮಲಗಿದ್ದ ಕೋಶಗಳ ಮೇಲೆ ಪರೀಕ್ಷಿಸಿದ್ದರು. ಪೆನ್ಸಿಲ್ ದಪ್ಪದ ಹಸಿರು ಕಡ್ಡಿಗಳ ಕಳ್ಳಿ ಇದೆಯಲ್ಲ, ಹೊಲದ ಬೇಲಿಗೆ ನೆಡುವುದು, ಅದರ ಹಾಲು ಕೂಡ ವೈರಸ್ ಎಬ್ಬಿಸುತ್ತದೆ. ಆಫ್ರಿಕಾದ ಬರ್ಕಿಟ್ ಗಡ್ಡೆಯ ಊರುಗಳಲ್ಲೂ ಈ ಕಳ್ಳಿ ಬೆಳೆಯುತ್ತದೆ. ಅಲ್ಲಿ ಮಲೇರಿಯಾದ ಪಾತ್ರ ಇನ್ನೂ ದೊಡ್ಡದು.

ಹಾಗಾದರೆ ಬೇಲಿ ಕಡಿಯಬೇಕಾ ಎಂದರು. ಬೇಡ ಎಂದೆ. ಬೇಲಿ ಪಕ್ಕ ನಡೆದರೆ ಏನೂ ಆಗದು. ಕಡಿಯುವಾಗ ಹಾಲು ಕಣ್ಣಿಗೆ ಸಿಡಿಯದಂತೆ ನೋಡಿ. ಸಿಡಿದರೆ ಕೂಡಲೇ ಬಹಳ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಓಡಿ. ಇನ್ನೊಂದು ಮಾತು. ನರಹುಲಿಗೆ ಕಳ್ಳಿಹಾಲು ಹಚ್ಚುವವರು ಇದ್ದಾರೆ. ನರಹುಲಿ ಬರುವುದೂ ಪ್ಯಾಪಿಲೋಮಾ ಬಳಗದ ವೈರಸ್‌ನಿಂದಲೇ. ಅದು ಸಾಮಾನ್ಯವಾಗಿ ಕ್ಯಾನ್ಸರ್ ತರುವ ಬಗೆಯಲ್ಲ, ನಿಜ. ಆದರೂ ವೈರಸ್ ಇರುವ ಚರ್ಮದ ಮೇಲೆ ದಿನಾ ಆ ಹಾಲು ಹಚ್ಚುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಚರ್ಮದ ಡಾಕ್ಟರ ಹತ್ತಿರ ಅದಕ್ಕೆ ಸುಲಭದ ಮದ್ದಿದೆ.

ನಮಸ್ಕಾರ.