ಅಗ್ಗದ ಟೀ ಕಡಲಿಗೆ ಬಿದ್ದ ರಾತ್ರಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ವಸಾಹತಿನವರು ಬ್ರಿಟಿಷರ ವಿರುದ್ಧ ಯಾಕೆ ತಿರುಗಿಬಿದ್ದರು ಅಂತ ಕೇಳಿ ನೋಡಿ. ಥಟ್ಟನೆ ಉತ್ತರ ಬರುತ್ತದೆ: "ತೆರಿಗೆ ಜಾಸ್ತಿಯಾಯ್ತು ಸಾರ್." ಇದಕ್ಕೆ ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ, ನನಗೆ ಅದೇ ಬೇಜಾರು. ತೆರಿಗೆ ಎಷ್ಟು ಅನ್ನುವುದಲ್ಲ, ಹಾಕುವುದಕ್ಕೆ ನೀವ್ಯಾರು ಅನ್ನುವುದೇ ಜಗಳ. ಇವತ್ತು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

1763ರಲ್ಲಿ ಫ್ರೆಂಚರ ಜೊತೆಗಿನ ಯುದ್ಧ ಮುಗಿಯಿತು. ಬ್ರಿಟನ್ ಗೆದ್ದಿತು, ಆದರೆ ಮೈತುಂಬ ಸಾಲ, ಸುಮಾರು 13 ಕೋಟಿ ಪೌಂಡ್. ಅಮೆರಿಕದಲ್ಲಿ ಸೈನ್ಯ ಬೇರೆ ಇಡಬೇಕು. ಅದರ ಖರ್ಚಿಗೆ ಅಲ್ಲಿಯವರೂ ಕೊಡಲಿ ಅಂದ ಪ್ರಧಾನಿ ಗ್ರೆನ್‌ವಿಲ್. 1764ರಲ್ಲಿ ಕಾಕಂಬಿಯ ಸುಂಕವನ್ನು ಗ್ಯಾಲನ್ನಿಗೆ 6 ಪೆನ್ಸ್‌ನಿಂದ 3ಕ್ಕೆ ಇಳಿಸಿದ. ಇಳಿಸಿದ್ದು, ಗಮನಿಸಿ! ಆದರೆ ಈ ಸಲ ಬಿಗಿಯಾಗಿ ವಸೂಲಿ. ಮರುವರ್ಷ ಸ್ಟಾಂಪ್ ಕಾಯ್ದೆ. ಕೋರ್ಟಿನ ಕಾಗದ, ಪತ್ರಿಕೆ, ಪಂಚಾಂಗ, ಕೊನೆಗೆ ಇಸ್ಪೀಟ್ ಎಲೆಗೂ ಸ್ಟಾಂಪ್. ಇಂಗ್ಲೆಂಡಿನ ಜನ ಇಂಥ ಶುಲ್ಕವನ್ನು ಮೊದಲಿಂದಲೂ ಕಟ್ಟುತ್ತಿದ್ದರು. ಆದರೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಅಮೆರಿಕದವರು ಆರಿಸಿ ಕಳಿಸಿದ ಒಬ್ಬನೇ ಒಬ್ಬ ಸದಸ್ಯನೂ ಇರಲಿಲ್ಲ. ಹಾಗಿರುವಾಗ ಹಾಕುವುದಕ್ಕೆ ನೀವ್ಯಾರು?

ಗಲಾಟೆಗೆ ಹೆದರಿ 1766ರಲ್ಲಿ ಕಾಯ್ದೆ ವಾಪಸ್ ತೆಗೆದರು. ಅದೇ ದಿನ ಇನ್ನೊಂದು ಕಾಯ್ದೆ: ನಿಮ್ಮ ಮೇಲೆ ಯಾವ ಕಾನೂನು ಬೇಕಾದರೂ ಮಾಡುವ ಹಕ್ಕು ನಮಗಿದೆ ಅಂತ. ದುಡ್ಡು ಬಿಟ್ಟರು, ಹಕ್ಕು ಬಿಡಲಿಲ್ಲ. 1767ರಲ್ಲಿ ಗಾಜು, ಕಾಗದ, ಬಣ್ಣ, ಸೀಸ, ಟೀ ಮೇಲೆ ಸುಂಕ. ಜನ ಬ್ರಿಟಿಷ್ ಸಾಮಾನು ಕೊಳ್ಳುವುದನ್ನೇ ನಿಲ್ಲಿಸಿದರು. 1770ರಲ್ಲಿ ಟೀ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆದರು.

ಈಗ ನನ್ನ ಇಷ್ಟದ ಕಥೆ, ಸ್ವಲ್ಪ ಸಾವಧಾನವಾಗಿ ಹೇಳುತ್ತೇನೆ. ಈಸ್ಟ್ ಇಂಡಿಯಾ ಕಂಪನಿಯ ಗೋದಾಮಿನಲ್ಲಿ ಟೀ ರಾಶಿ ಬಿದ್ದಿತ್ತು, ಕಂಪನಿ ಮುಳುಗುವ ಹಾಗಿತ್ತು. ಅದನ್ನು ಉಳಿಸಲು 1773ರಲ್ಲಿ ಪಾರ್ಲಿಮೆಂಟು ಟೀಯನ್ನು ನೇರವಾಗಿ ಅಮೆರಿಕಕ್ಕೆ ಕಳಿಸಲು ಬಿಟ್ಟಿತು. ಒಂದು ಪೌಂಡ್ ತೂಕದ ಟೀಗೆ 3 ಪೆನ್ಸ್ ಸುಂಕ ಕಟ್ಟಿದ ಮೇಲೂ ಮೊದಲಿಗಿಂತ ಅಗ್ಗ! ಕುಡಿಯಬಹುದಿತ್ತು, ಅಲ್ವಾ? ಆದರೆ ಕುಡಿದರೆ ಆ ಸುಂಕ ಹಾಕುವ ಹಕ್ಕನ್ನು ಒಪ್ಪಿಕೊಂಡ ಹಾಗೆ.

ಬಾಸ್ಟನ್ ಬಂದರಿಗೆ ಡಾರ್ಟ್‌ಮೌತ್ ಎಂಬ ಹಡಗು ಬಂತು. 20 ದಿನದೊಳಗೆ ಸುಂಕ ಕಟ್ಟದಿದ್ದರೆ ಮಾಲು ಜಪ್ತಿ. ಗಡುವಿನ ಹಿಂದಿನ ದಿನ, ಡಿಸೆಂಬರ್ 16ರಂದು, ಓಲ್ಡ್ ಸೌತ್ ಪ್ರಾರ್ಥನಾ ಮಂದಿರದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಹಡಗಿನ ಮಾಲೀಕ ರಾಚ್‌ನನ್ನು ಗವರ್ನರ್ ಹಚಿನ್‌ಸನ್ ಹತ್ತಿರ ಓಡಿಸಿದರು: ಹಡಗು ವಾಪಸ್ ಹೋಗಲು ಅಪ್ಪಣೆ ಕೊಡಿ ಅಂತ. ಸಂಜೆ ಕತ್ತಲಾದ ಮೇಲೆ ಅವನು ಬಂದು ಆಗಲ್ಲವಂತೆ ಅಂದ. ಅಷ್ಟೇ. ಮುಖಕ್ಕೆ ಮಸಿ ಬಳಿದುಕೊಂಡು, ಕಂಬಳಿ ಹೊದ್ದು, ಮೋಹಾಕರ ಅಂದರೆ ಅಲ್ಲಿನ ಒಂದು ಮೂಲನಿವಾಸಿ ಬುಡಕಟ್ಟಿನವರ ವೇಷದಲ್ಲಿ ಒಂದು ಗುಂಪು ಗ್ರಿಫಿನ್ ಹಡಗುಕಟ್ಟೆಗೆ ಇಳಿಯಿತು. ಅಷ್ಟು ಹೊತ್ತಿಗೆ ಅಲ್ಲಿದ್ದದ್ದು ಮೂರು ಹಡಗು, 342 ಪೆಟ್ಟಿಗೆ. ಕೈಗೊಡಲಿಯಿಂದ ಒಡೆದು, ಸುರಿದು, ಮೂರು ಗಂಟೆಯಲ್ಲಿ ಕೆಲಸ ಮುಗಿಸಿದರು. ಇಳಿತದ ಹೊತ್ತು, ನೀರು ಕಡಿಮೆ. ಟೀ ತೇಲಿಹೋಗದೆ ಹಡಗಿನ ಪಕ್ಕ ಬಣವೆಯ ಹಾಗೆ ಏರಿತು, ಅದನ್ನು ತಳ್ಳಿ ತಳ್ಳಿ ಹರಡಬೇಕಾಯಿತು. ಬೇರೆ ಯಾವ ಸಾಮಾನನ್ನೂ ಮುಟ್ಟಲಿಲ್ಲ. ಒಬ್ಬ ಮಾತ್ರ ಕೋಟಿನ ಒಳಗೆ ಟೀ ತುಂಬಿಕೊಳ್ಳುತ್ತಿದ್ದ. ಅವನ ಬಟ್ಟೆ ಕಿತ್ತು, ಒದ್ದು ಓಡಿಸಿದರು. ದುಡ್ಡಿನ ಜಗಳವಾಗಿದ್ದರೆ ಎಲ್ಲರೂ ಜೇಬು ತುಂಬಿಕೊಳ್ಳುತ್ತಿದ್ದರು.

ಸಮಯ ಆಯ್ತು ಅಂತ ಆಗಲೇ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಓಡಿಸಿ ಹೇಳುತ್ತೇನೆ. ಟೀಯ ಬೆಲೆ ಕಟ್ಟುವ ತನಕ ಅಂತ 1774ರ ಜೂನ್‌ನಲ್ಲಿ ಬಾಸ್ಟನ್ ಬಂದರಿಗೆ ಬೀಗ ಬಿತ್ತು. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ವಸಾಹತಿನ ಆಡಳಿತವನ್ನೂ ಜನರ ಕೈಯಿಂದ ಕಿತ್ತುಕೊಂಡರು. ಸೆಪ್ಟೆಂಬರಿನಲ್ಲಿ 12 ವಸಾಹತುಗಳು ಫಿಲಡೆಲ್ಫಿಯಾದಲ್ಲಿ ಕೂಡಿದವು, 1775ರ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು, ಯುದ್ಧ ಶುರುವಾಯಿತು.

ಅಂದಹಾಗೆ, 1769ರಲ್ಲಿ ಮದರಾಸಿನ ಬಾಗಿಲಲ್ಲೇ ನಿಂತು ನಮ್ಮ ಹೈದರಾಲಿ ಒಪ್ಪಂದಕ್ಕೆ ರುಜು ಹಾಕಿಸಿದ್ದು ಇದೇ ಕಂಪನಿಯಿಂದ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಜನರಲ್ ಮಂಕ್ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರೇನು ಗೊತ್ತೇ? ಹೈದರ್ ಅಲಿ! ಆ ಕಥೆಗೆ ಇನ್ನೊಂದು ಸಲ ಕರೆಯಿರಿ, ಬರುತ್ತೇನೆ. ನಮಸ್ಕಾರ.